43 ವರ್ಷದ ಗೋಲ್‌ಕೀಪರ್

2016ರ ಆಗಸ್ಟ್, ರಿಯೊ ಒಲಿಂಪಿಕ್ಸ್. ದಕ್ಷಿಣ ಕೊರಿಯಾ ಮತ್ತು ನೆದರ್‌ಲ್ಯಾಂಡ್ಸ್ ನಡುವಿನ ಮಹಿಳೆಯರ ಹ್ಯಾಂಡ್‌ಬಾಲ್ ಪಂದ್ಯ 32–32ಕ್ಕೆ ಬಂದು ನಿಂತಿತ್ತು. ಆಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ನೆದರ್‌ಲ್ಯಾಂಡ್ಸ್‌ಗೆ 7 ಮೀಟರ್ ಎಸೆತ ಸಿಕ್ಕಿತು. ಫುಟ್‌ಬಾಲಿನ ಪೆನಾಲ್ಟಿ ಇದ್ದ ಹಾಗೆ. ಎಸೆಯುವವಳು ಒಬ್ಬಳು, ತಡೆಯುವವಳು ಒಬ್ಬಳು. ಮಧ್ಯೆ ಯಾರೂ ಇಲ್ಲ. ಕೊರಿಯಾ ಕಡೆಯ ಗೋಲಿನಲ್ಲಿ ನಿಂತಿದ್ದವರು ಓ ಯಂಗ್ ರಾನ್. ವಯಸ್ಸು 43. ಅವರು ಆ ಬಾಲು ತಡೆದರು. ಪಂದ್ಯ ಸಮ ಆಯಿತು.

ಆ ತುಣುಕನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮೊದಲ ಸಲ ನೋಡಿದಾಗ ಕೈಯಲ್ಲಿ ಚಪಾತಿ ಹಿಟ್ಟಿತ್ತು. ಒಲೆ ಆರಿಸಿ ಕೂತುಬಿಟ್ಟೆ.

ನಾನೂ ಗೋಲ್‌ಕೀಪರ್ ಆಗಿದ್ದವಳು. ಚಿತ್ರದುರ್ಗದ ಕಡೆ ಹೈಸ್ಕೂಲು. ಬೆಳಿಗ್ಗೆ ಬೆಳಿಗ್ಗೆ ನಮ್ಮ ಪಿ.ಟಿ. ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದರು. ಉದ್ದ 40 ಮೀಟರ್, ಅಗಲ 20. ಗೋಲಿನ ಮುಂದೆ 6 ಮೀಟರಿನ ಬಾಗಿದ ಗೆರೆ. ಅದನ್ನು ಎಳೆಯುವಾಗ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದರು. "ಏ ಉದ್ದದ ಹುಡುಗಿ, ನೀನು ಗೋಲಿಗೆ ನಿಂತ್ಕೋ" ಅಂದಿದ್ದು ಅವರೇ. ಮೊದಲು ತಾಲ್ಲೂಕು ಮಟ್ಟ, ಆಮೇಲೆ ಜಿಲ್ಲಾ ಮಟ್ಟ, ಆಮೇಲೆ ಕಾಲೇಜು ಟೀಮು. 22ಕ್ಕೆ ಮದುವೆ. ಅಲ್ಲಿಗೆ ಆಟ ನಿಂತಿತು.

ಗೋಲಿಗೆ ನಿಂತವರಿಗೆ ಒಂದು ವಿಷಯ ಗೊತ್ತಿರುತ್ತೆ. ಬಾಲು ನೋಡಿದರೆ ಕೆಟ್ಟೆ. ನೋಡಬೇಕಾದ್ದು ಎಸೆಯುವವಳ ಭುಜ, ಮೊಣಕೈ, ಮಣಿಕಟ್ಟು. 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು. ಕೈಗೆ ಗ್ಲೌಸ್ ಇಲ್ಲ. ಅಷ್ಟು ಹತ್ತಿರದಿಂದ ಬರುವ ಬಾಲಿಗೆ ಕೈಯೋ ಕಾಲೋ ಹೊಟ್ಟೆಯೋ, ಏನು ಸಿಕ್ಕಿದರೆ ಅದನ್ನು ಒಡ್ಡಬೇಕು. ಚಳಿಗಾಲದಲ್ಲಿ ಅಂಗೈಗೆ ಬಾಲು ತಾಗಿದರೆ ಆ ಉರಿ ಸಂಜೆವರೆಗೂ ಹೋಗುತ್ತಿರಲಿಲ್ಲ. ಹಾಗಾಗಿ 43ರ ಹೆಂಗಸು ಗೋಲಿನಲ್ಲಿ ನಿಂತಿದ್ದನ್ನು ನೋಡಿದಾಗ ನನಗೆ ಆಗಿದ್ದೇನು ಅನ್ನೋದು ಆಡಿದವರಿಗೆ ಬೇಗ ಅರ್ಥ ಆಗುತ್ತೆ.

ಅವತ್ತಿನಿಂದ ಈ ತಂಡದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಹ್ಯಾಂಡ್‌ಬಾಲ್ ಯುರೋಪಿನವರ ಆಟ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಈ ಆಟ ಶುರುವಾಗಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅಲ್ಲೂ ಆಮೇಲೆ 1980ರಲ್ಲೂ ಚಿನ್ನ ಗೆದ್ದಿದ್ದು ಸೋವಿಯತ್ ಒಕ್ಕೂಟ. 1984ರಲ್ಲಿ ಸೋವಿಯತ್‌ನವರು ಲಾಸ್ ಏಂಜಲೀಸ್‌ಗೆ ಬರಲಿಲ್ಲ. ಯುಗೋಸ್ಲಾವಿಯಾ ಚಿನ್ನ ಗೆದ್ದಿತು, ಕೊರಿಯಾಗೆ ಬೆಳ್ಳಿ ಬಂತು. ಬಲಾಢ್ಯರು ಇರಲಿಲ್ಲ, ಅದಕ್ಕೇ ಸಿಕ್ಕಿತು ಅಂತ ಯಾರು ಬೇಕಾದರೂ ಹೇಳಬಹುದಿತ್ತು. ನಾಲ್ಕು ವರ್ಷ ಆದ ಮೇಲೆ ಸೋಲ್ ಒಲಿಂಪಿಕ್ಸ್. ಅಲ್ಲಿ ಸೋವಿಯತ್ ತಂಡವನ್ನೇ 21–19ರಲ್ಲಿ ಸೋಲಿಸಿ ಕೊರಿಯಾದ ಹೆಣ್ಣುಮಕ್ಕಳು ಚಿನ್ನ ಗೆದ್ದರು. ಬಾಲಿನ ಆಟದಲ್ಲಿ, ತಂಡವಾಗಿ ಆಡಿ, ಆ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಗಂಡಸರು ತಂದಿದ್ದಲ್ಲ. ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತೆ ನನಗೆ.

1992ರಲ್ಲಿ ಬಾರ್ಸಿಲೋನಾದಲ್ಲಿ ಮತ್ತೆ ಚಿನ್ನ. ಫೈನಲ್‌ನಲ್ಲಿ ನಾರ್ವೆ ವಿರುದ್ಧ 28–21. 1995ರಲ್ಲಿ ವಿಶ್ವ ಚಾಂಪಿಯನ್. ಹ್ಯಾಂಡ್‌ಬಾಲ್ ವಿಶ್ವಕಪ್ಪು ಯುರೋಪ್ ಬಿಟ್ಟು ಹೊರಗೆ ಹೋಗಿದ್ದು ಅದೇ ಮೊದಲು. ಎತ್ತರದಲ್ಲಿ, ತೂಕದಲ್ಲಿ ಯುರೋಪಿನವರ ಮುಂದೆ ಇವರು ಚಿಕ್ಕವರು. ಹಾಗಾಗಿ ಗುದ್ದಾಡುವ ಬದಲು ಓಡಿದರು. ಬಾಲನ್ನು ಒಂದು ಕ್ಷಣವೂ ಕೈಯಲ್ಲಿ ಇಟ್ಟುಕೊಳ್ಳದೆ ಸಾಗಿಸಿದರು. ಹಳೆಯ ಪಂದ್ಯ ಹಾಕಿ ನೋಡಿ. ಎದುರಿನ ದೊಡ್ಡ ದೊಡ್ಡ ಡಿಫೆಂಡರ್‌ಗಳು ತಿರುಗುವಷ್ಟರಲ್ಲಿ ಬಾಲು ಮೂರು ಕೈ ದಾಟಿರುತ್ತೆ.

1996ರ ಅಟ್ಲಾಂಟಾ ಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು ಹೆಚ್ಚುವರಿ ಸಮಯದಲ್ಲಿ 37–33ರ ಸೋಲು. ಓ ಯಂಗ್ ರಾನ್ ಅವರಿಗೆ ಅದು ಮೊದಲ ಒಲಿಂಪಿಕ್ಸ್. 2000ದಲ್ಲಿ ಸಿಡ್ನಿಯಲ್ಲಿ ನಾಲ್ಕನೇ ಸ್ಥಾನ.

ಆಮೇಲೆ ಅಥೆನ್ಸ್, 2004. ಕೊರಿಯಾದವರು ಇವತ್ತಿಗೂ ಮರೆಯದ ಪಂದ್ಯ. ಮತ್ತೆ ಡೆನ್ಮಾರ್ಕ್, ಮತ್ತೆ ಫೈನಲ್. 60 ನಿಮಿಷಕ್ಕೆ ಸಮ. ಹತ್ತು ನಿಮಿಷ ಹೆಚ್ಚುವರಿ, ಆಗಲೂ ಸಮ. ಇನ್ನೊಂದು ಹತ್ತು ನಿಮಿಷ, 34–34, ಸಮ. 80 ನಿಮಿಷ ಓಡಿದ ಕಾಲುಗಳ ಮೇಲೆ ನಿಂತು 7 ಮೀಟರ್ ಎಸೆತ ಎಸೆಯಬೇಕಾಯಿತು. ಕೊರಿಯಾದ ಎರಡು ಎಸೆತ ಗೋಲಾಗಲಿಲ್ಲ. ಅದರಲ್ಲಿ ಒಂದು ಲಿಮ್ ಓ ಕ್ಯಾಂಗ್ ಅವರದು. ಬಾರ್ಸಿಲೋನಾದ ಚಿನ್ನದ ತಂಡದಲ್ಲಿದ್ದವರು, 1996ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಅನ್ನಿಸಿಕೊಂಡವರು, ಮಗು ಆದ ಮೇಲೆ ಮತ್ತೆ ಅಂಗಳಕ್ಕೆ ಬಂದವರು. 4–2ಕ್ಕೆ ಚಿನ್ನ ಕೈತಪ್ಪಿತು. ಈ ಪಂದ್ಯದ ಮೇಲೆ ಮುಂದೆ ಸಿನಿಮಾ ಬಂತು, ಜನ ಮುಗಿಬಿದ್ದು ನೋಡಿದರು. ಲಿಮ್ ಈಗ ಸಂಸದೆ.

ಆದರೆ ಸಿನಿಮಾ ನೋಡಿದಷ್ಟು ಜನ ಪಂದ್ಯ ನೋಡೋಕೆ ಬರಲ್ಲ. ಕೊರಿಯನ್ ಕಲಿಸುವ ಪರಿಚಯದವರೊಬ್ಬರು ನನಗೊಂದು ಮಾತು ಹೇಳಿದರು. ಅವರ ಭಾಷೆಯಲ್ಲಿ 'ಹಾನ್‌ದೆ' ಅಂದರೆ ಬಯಲು, ಗಾಳಿ ಚಳಿಗೆ ಮರೆ ಇಲ್ಲದ ಜಾಗ. ಅಲ್ಲಿನವರು ಹ್ಯಾಂಡ್‌ಬಾಲನ್ನು ನೊಂದುಕೊಂಡು 'ಹಾನ್‌ದೆಬೋಲ್' ಅಂತಾರಂತೆ. ಬಯಲಲ್ಲಿ ಬಿಟ್ಟ ಆಟ. ನನಗೆ ನಮ್ಮ ಹೈಸ್ಕೂಲಿನ ಅಂಗಳ ಕಣ್ಣಿಗೆ ಬಂತು. ಮಳೆ ಬಂದರೆ ಸುಣ್ಣದ ಗೆರೆ ಕರಗಿ ಹೋಗುತ್ತಿತ್ತು. ಮಾರನೇ ದಿನ ಮೇಷ್ಟ್ರು ಮತ್ತೆ ಹಗ್ಗ ತರುತ್ತಿದ್ದರು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗುವ ದಾರಿಯಲ್ಲೂ ಇವರನ್ನು ಸತಾಯಿಸಿದ್ದು ಕಮ್ಮಿ ಏನಲ್ಲ. 2007ರ ಆಗಸ್ಟ್‌ನಲ್ಲಿ ಏಷ್ಯಾದ ಅರ್ಹತಾ ಪಂದ್ಯಗಳು ಕಜಕಿಸ್ತಾನದಲ್ಲಿ ನಡೆದವು. ಕಜಕಿಸ್ತಾನ ಗೆದ್ದಿತು. ತೀರ್ಪು ಪಕ್ಷಪಾತದ್ದು ಅಂತ ಕೊರಿಯಾ ದೂರು ಕೊಟ್ಟಿತು. ಅಂತರರಾಷ್ಟ್ರೀಯ ಫೆಡರೇಷನ್ ಅದನ್ನು ಒಪ್ಪಿ ಮತ್ತೆ ಆಡಿ ಅಂದಿತು. 2008ರ ಜನವರಿಯಲ್ಲಿ ಜಪಾನಿಗೆ ಹೋಗಿ ಜಪಾನನ್ನು 34–21ರಲ್ಲಿ ಸೋಲಿಸಿ ಬಂದರು. ಆಮೇಲೆ ಕ್ರೀಡಾ ನ್ಯಾಯಮಂಡಳಿ, ಹೆಂಗಸರ ಮರುಪಂದ್ಯ ಲೆಕ್ಕಕ್ಕಿಲ್ಲ ಅಂದಿತು. ಗೆದ್ದಿದ್ದು ಹೋಯಿತು. ಮಾರ್ಚ್‌ನಲ್ಲಿ ಫ್ರಾನ್ಸ್‌ಗೆ ಹೋಗಿ ಇನ್ನೊಂದು ಅರ್ಹತಾ ಟೂರ್ನಿ ಆಡಿ ಕೊನೆಗೂ ಟಿಕೆಟ್ ತೆಗೆದುಕೊಂಡರು. ಒಂದೇ ಒಲಿಂಪಿಕ್ಸ್‌ಗೆ ಮೂರು ಸಲ ಬಾಗಿಲು ತಟ್ಟಿದರು, ಅಲ್ವಾ?

ಈ ಕಥೆಯನ್ನೆಲ್ಲ ಮೊಬೈಲಿನಲ್ಲೇ ಓದಿಕೊಂಡಿದ್ದ ನನಗೆ, ತಂಡವನ್ನು ಕಣ್ಣಾರೆ ನೋಡುವ ದಿನವೂ ಬಂತು. ನಾವೀಗ ಇರುವುದು ದೆಹಲಿಯಲ್ಲಿ. 2024ರ ಡಿಸೆಂಬರ್‌ನಲ್ಲಿ ಏಷ್ಯನ್ ಮಹಿಳಾ ಹ್ಯಾಂಡ್‌ಬಾಲ್ ಚಾಂಪಿಯನ್‌ಷಿಪ್ ಇಲ್ಲೇ, ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ. ಫೈನಲ್ ದಿನ ಮಗಳನ್ನೂ ಕರೆದುಕೊಂಡು ಹೋದೆ. ನಾವು ಕೂತ ಕಡೆ ಖಾಲಿ ಕುರ್ಚಿಗಳೇ ಜಾಸ್ತಿ. ಒಳ್ಳೆಯದೇ ಆಯಿತು, ಗೋಲಿನ ಹಿಂದಕ್ಕೆ ಹೋಗಿ ಕೂತೆವು. ಟಿ.ವಿ.ಯಲ್ಲಿ ಕೇಳದ ಸದ್ದುಗಳು ಅಲ್ಲಿ ಕೇಳುತ್ತವೆ. ಶೂ ಕಿರುಗುಟ್ಟುವುದು, ಬಾಲು ಅಂಗೈಗೆ ಅಂಟಿ ಬಿಡುವಾಗಿನ ಚಟ್ ಅನ್ನುವ ಸಣ್ಣ ಸದ್ದು. ಇವರು ಕೈಗೆ ಅಂಟು ಹಚ್ಚಿಕೊಳ್ಳುತ್ತಾರೆ, ಹಿಡಿತಕ್ಕೆ. ಗೋಲ್‌ಕೀಪರ್ ಬಾಯಿ ಮುಚ್ಚುವುದೇ ಇಲ್ಲ, ಡಿಫೆಂಡರ್‌ಗಳಿಗೆ ಕೂಗುತ್ತಲೇ ಇರುತ್ತಾಳೆ. ಆ ಭಾಷೆ ನನಗೆ ಬಾರದು. ಆದರೆ ಏನು ಹೇಳುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. "ಎಡಕ್ಕೆ, ಎಡಕ್ಕೆ, ಕೈ ಎತ್ತು."

ಆ ವರ್ಷವೇ ಪ್ಯಾರಿಸ್‌ನಲ್ಲಿ ಜರ್ಮನಿಯನ್ನು 23–22ರಲ್ಲಿ ಸೋಲಿಸಿ, ಕೈ ಕೈ ಹಿಡಿದು ವೃತ್ತ ಕಟ್ಟಿ ತಮ್ಮ ಜಾನಪದ ಕುಣಿತ ಕುಣಿದಿದ್ದರು. ಸತತ ಹನ್ನೊಂದನೇ ಒಲಿಂಪಿಕ್ಸ್ ಅದು. ಆ ಸಲ ಕೊರಿಯಾದಿಂದ ಬಾಲಿನ ತಂಡದಾಟಕ್ಕೆ ಅಂತ ಹೋಗಿದ್ದು ಇವರೊಬ್ಬರೇ. ಆದರೆ ಅಲ್ಲಿ ಉಳಿದ ನಾಲ್ಕು ಪಂದ್ಯ ಸೋತರು. ದೆಹಲಿಯಲ್ಲೂ ಜಪಾನ್ ಎದುರು 25–24ರಲ್ಲಿ ಸೋತರು. ಒಂದೇ ಗೋಲು. ಅದಕ್ಕೆ ಮುಂಚೆ ಸತತ ಆರು ಸಲ ಈ ಕಪ್ಪು ಅವರದೇ ಆಗಿತ್ತು.

ವಾಪಸ್ ಬರುವಾಗ ಮೆಟ್ರೊದಲ್ಲಿ ಮಗಳು ಕೇಳಿದಳು, "ಅಮ್ಮಾ, ನೋಡೋಕೆ ಯಾರೂ ಬರಲ್ಲ, ಸೋತ್ರು ಬೇರೆ. ನಿಂಗ್ಯಾಕೆ ಇವ್ರು ಅಷ್ಟು ಇಷ್ಟ?"

ಅವಳಿಗೆ ಬೀಜಿಂಗ್ ಕಥೆ ಹೇಳಿದೆ. ಸೆಮಿಫೈನಲ್‌ನಲ್ಲಿ ನಾರ್ವೆ ಎದುರು 28–28 ಆಗಿದ್ದಾಗ ಕಟ್ಟಕಡೆಯ ಸೆಕೆಂಡಿನಲ್ಲಿ ಒಂದು ಗೋಲು ಹೋಯಿತು. ಸಮಯ ಮುಗಿದ ಮೇಲೆ ಬಾಲು ಗೆರೆ ದಾಟಿದ್ದು ಅಂತ ಕೊರಿಯಾ ದೂರು ಕೊಟ್ಟರೂ ಕೇಳಲಿಲ್ಲ. ಆಮೇಲೆ ಕಂಚಿಗಾಗಿ ಹಂಗೆರಿ ಜೊತೆ ಪಂದ್ಯ. ಸುಮಾರು ಒಂದು ನಿಮಿಷ ಬಾಕಿ, ಕೊರಿಯಾ 33–28ರಲ್ಲಿ ಮುಂದೆ. ಆಗ ಕೋಚ್ ಲಿಮ್ ಯಂಗ್ ಚುಲ್ ಟೈಮ್‌ಔಟ್ ಕೇಳಿದರು. ಐದು ಗೋಲು ಮುಂದಿರುವಾಗ ಟೈಮ್‌ಔಟ್ ಯಾಕೆ? ಅವರು ಕಿರಿಯ ಆಟಗಾರ್ತಿಯರಿಗೆ ಹೇಳಿದ್ದು ಇಷ್ಟೇ: ನೀವು ಬೇಜಾರು ಮಾಡ್ಕೋಬೇಡಿ, ಅಕ್ಕಂದಿರಿಗೆ ಇದು ಕೊನೆಯ ಒಲಿಂಪಿಕ್ಸ್. ಒಬ್ಬೊಬ್ಬರದೇ ಹೆಸರು ಹಿಡಿದು ಹಿರಿಯರನ್ನು ಕರೆದರು. ಐದು ಒಲಿಂಪಿಕ್ಸ್ ಆಡಿದ ಓ ಸಂಗ್ ಓಕ್ ಎದ್ದು ಬಂದರು. ಆ ಕೊನೆಯ ನಿಮಿಷ ಅಂಗಳದಲ್ಲಿ ನಿಂತು ಮುಗಿಸಿದ್ದು ಅವರು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಗೋಲ್‌ಕೀಪರ್‌ನೂ ಕರೆದ್ರಾ?"

"ಕರೆದ್ರು. ಓ ಯಂಗ್ ರಾನ್."

"ಅದೇ ಅವರ ಕೊನೇ ಒಲಿಂಪಿಕ್ಸಾ?"

"ಹಾಗಂತ ಎಲ್ಲರೂ ಅಂದ್ಕೊಂಡಿದ್ರು" ಅಂದೆ. ಮೊಬೈಲು ತೆಗೆದು ರಿಯೊದ ಆ ತುಣುಕನ್ನು ಹಾಕಿ ಅವಳ ಕೈಗೆ ಕೊಟ್ಟೆ.