ಅನಿಮೇಷನ್ ಕಿರುಚಿತ್ರವನ್ನು ಉತ್ಸವಕ್ಕೆ ಕಳಿಸುವ ದಿನ

ಕೊನೆಯ ಫ್ರೇಮ್ ರೆಂಡರ್ ಆದ (ಕಂಪ್ಯೂಟರಿನಿಂದ ಅಂತಿಮ ಚಿತ್ರವಾಗಿ ಹೊರಬಂದ) ರಾತ್ರಿಯೇ ಉತ್ಸವದ ಅರ್ಜಿ ತೆರೆದು ಕೂರುವ ಆತುರ ಯಾವ ತಂಡಕ್ಕೂ ತಪ್ಪಿದ್ದಲ್ಲ. ಆದರೆ ತಿಂಗಳುಗಟ್ಟಲೆ ಚಿತ್ರದೊಳಗೇ ಮುಳುಗಿದ್ದವರ ಕಣ್ಣಿಗೆ ಆ ರಾತ್ರಿ ತಪ್ಪುಗಳು ಬೀಳುವುದಿಲ್ಲ. ಹಾಗಾಗಿ ರೆಂಡರ್ ಮುಗಿದ ಮೇಲೆ ಒಂದು ವಾರವಾದರೂ ಬಿಟ್ಟು ಸಲ್ಲಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಆ ದಿನದ ಮೊದಲ ಕೆಲಸ ಅರ್ಜಿಯಲ್ಲ. ಕಿಟಕಿ ಮುಚ್ಚಿ, ದೀಪ ಆರಿಸಿ, ಸಿಕ್ಕಷ್ಟು ದೊಡ್ಡ ಪರದೆಯಲ್ಲಿ ಸ್ಕ್ರೀನರ್ ಅನ್ನು, ಎಂದರೆ ಉತ್ಸವಕ್ಕೆ ನೋಡಲು ಕಳಿಸುವ ಪ್ರತಿಯನ್ನು, ಎಲ್ಲೂ ನಿಲ್ಲಿಸದೆ ನೋಡುವುದು. ಆಯ್ಕೆ ಸಮಿತಿಯವರು ನೋಡುವುದು ಉತ್ತಮ ಗುಣಮಟ್ಟದ ಮೂಲ ಫೈಲಾದ ನಮ್ಮ ಪ್ರೊರೆಸ್ ಮಾಸ್ಟರ್ ಅನ್ನಲ್ಲ, ಅದನ್ನು ಕುಗ್ಗಿಸಿದ ಎಚ್.264 ಎಂಬ ಸಣ್ಣ ಗಾತ್ರದ ಫೈಲನ್ನು. ಅವರ ಮಟ್ಟಿಗೆ ಅದೇ ಚಿತ್ರ. ಕುಗ್ಗಿಸುವಾಗ ಅನಿಮೇಷನ್‌ಗೆ ಬೀಳುವ ಪೆಟ್ಟು ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕಿಂತ ಹೆಚ್ಚು. ನಯವಾಗಿ ಬಣ್ಣ ಬದಲಾಗುವ ಸಂಜೆಯ ಆಕಾಶ 8 ಬಿಟ್‌ನಲ್ಲಿ (ಬಣ್ಣದ ಛಾಯೆಗಳು ಕಡಿಮೆಯಿರುವ ಫೈಲಿನಲ್ಲಿ) ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಕ್ಯಾಮೆರಾ ಚಿತ್ರದಲ್ಲಿ ಸಹಜವಾಗಿರುವ ಕಣಗಳು ಅದನ್ನು ಮರೆಮಾಡುತ್ತವೆ. ನಮ್ಮ ಸ್ವಚ್ಛ ಬಣ್ಣಗಳಿಗೆ ಆ ರಕ್ಷಣೆ ಇಲ್ಲ. ಕಾಂಪೊಸಿಟಿಂಗ್ ಹಂತದಲ್ಲಿ, ಎಂದರೆ ಪದರಗಳನ್ನು ಒಂದೇ ಚಿತ್ರವಾಗಿ ಜೋಡಿಸುವಾಗ, ತೀರಾ ತೆಳುವಾದ ಗ್ರೇನ್ (ಅಂಥದೇ ಕಣಗಳು) ಸೇರಿಸಿ, 1080ಪಿ ಫೈಲಿಗೆ ಸೆಕೆಂಡಿಗೆ 15–20 ಮೆಗಾಬಿಟ್ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಬಣ್ಣ ಪೇಲವವಾಗಿ ಕಂಡರೆ ತಪ್ಪು ಚಿತ್ರದ್ದೇ ಆಗಿರಬೇಕಿಲ್ಲ; ಫೈಲಿಗೆ, ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಪ್ಲೇಯರಿಗೆ ಹೇಳುವ ರೆಕ್. 709 ಎಂಬ ಗುರುತು ಅಂಟಿದೆಯೇ ಎಂದು ಮೊದಲು ನೋಡಬೇಕು.

ಫ್ರೇಮ್ ದರದ ವಿಷಯದಲ್ಲಿ ನಾವು ಸ್ವಲ್ಪ ಹಟಮಾರಿಗಳು: ಚಿತ್ರ ಶುರುವಿನಿಂದಲೇ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿರಲಿ. 25ರಲ್ಲಿ ಮಾಡಿದ ಹತ್ತು ನಿಮಿಷದ ಚಿತ್ರವನ್ನು 24ಕ್ಕೆ ಇಳಿಸಿದರೆ ಅದು 25 ಸೆಕೆಂಡು ಉದ್ದವಾಗುತ್ತದೆ, ಶ್ರುತಿ ಸರಿಪಡಿಸದಿದ್ದರೆ ಧ್ವನಿ ಶೇಕಡ 4ರಷ್ಟು ತಗ್ಗುತ್ತದೆ. ಅದನ್ನಾದರೂ ಸಹಿಸಬಹುದು. 30ರಿಂದ 24ಕ್ಕೆ ಬರುವುದು ನಿಜವಾದ ಹಾನಿ. ಒಂದು ರೇಖಾಚಿತ್ರವನ್ನು ಎರಡು ಫ್ರೇಮ್ ಹಿಡಿದು ಮಾಡಿದ ಚಲನೆಯಲ್ಲಿ ಪ್ರತಿ ಐದನೆಯ ಫ್ರೇಮ್ ಬಿದ್ದುಹೋದಾಗ ಕೆಲವು ಚಿತ್ರಗಳು ಎರಡು ಫ್ರೇಮ್ ನಿಲ್ಲುತ್ತವೆ, ಕೆಲವು ಒಂದೇ. ಅನಿಮೇಟರ್ ಜೀವ ತೇಯ್ದು ಹೊಂದಿಸಿದ ಲಯ ಅಲ್ಲಿಗೆ ಹಾಳು.

ಇಷ್ಟಾದ ಮೇಲೆ ಅರ್ಜಿ. ಫಿಲ್ಮ್‌ಫ್ರೀವೇಯಂಥ ತಾಣಗಳಲ್ಲಿ ವಿವರಗಳನ್ನು ಒಮ್ಮೆ ತುಂಬಿಟ್ಟರೆ ಹಲವು ಉತ್ಸವಗಳಿಗೆ ಕಳಿಸಬಹುದು. ಆ ಅನುಕೂಲವೇ ಎಡವಿಸುವುದೂ ಉಂಟು, ಏಕೆಂದರೆ ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಅವಧಿಯನ್ನು ಹೆಸರುಪಟ್ಟಿ (ಕ್ರೆಡಿಟ್ಸ್) ಬಿಟ್ಟು ಬರೆಯುವವರಿದ್ದಾರೆ. ಆಸ್ಕರ್‌ನ ಕಿರುಚಿತ್ರ ಮಿತಿಯಾದ 40 ನಿಮಿಷದಲ್ಲಿ ಕೊನೆಯ ಹೆಸರುಪಟ್ಟಿಯೂ ಸೇರಿದೆ. ಕಡೆಯ ಗಡುವು ಯಾವ ದೇಶದ ಗಡಿಯಾರದ್ದು ಎಂದೂ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಿ ತುಂಬಬೇಕಾದ ಜಾಗ ಪ್ರೀಮಿಯರ್ ಸ್ಥಿತಿಯದು. ಜಗತ್ತಿನಲ್ಲೇ ಮೊದಲು, ಸ್ವದೇಶದ ಹೊರಗೆ ಮೊದಲು, ಆ ಖಂಡದಲ್ಲಿ ಮೊದಲು, ಆ ದೇಶದಲ್ಲಿ ಮೊದಲು ಎಂದು ಇದಕ್ಕೆ ಮೆಟ್ಟಿಲುಗಳಿವೆ. ಒಮ್ಮೆ ಕಳೆದುಕೊಂಡದ್ದು ಮತ್ತೆ ಸಿಗುವುದಿಲ್ಲ. ಖುಷಿಯ ಭರದಲ್ಲಿ ಯೂಟ್ಯೂಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಚಿತ್ರವನ್ನು ಮುಟ್ಟದ ಉತ್ಸವಗಳಿವೆ. ಆದ್ದರಿಂದ ಪ್ರೀಮಿಯರ್ ಕೇಳುವ ಉತ್ಸವಗಳ ಪಟ್ಟಿ ಮಾಡಿ ಮೊದಲು ಅವಕ್ಕೇ ಕಳಿಸಿ, ಉಳಿದವಕ್ಕೆ ಆಮೇಲೆ. ಅನಿಮೇಷನ್‌ಗೆಂದೇ ಇರುವ ಉತ್ಸವಗಳನ್ನು, ಎಂದರೆ 1960ರಲ್ಲಿ ಶುರುವಾದ ಫ್ರಾನ್ಸಿನ ಆನ್ಸಿ, 1972ರ ಝಾಗ್ರೆಬ್, 1976ರ ಒಟ್ಟಾವ ಮೊದಲಾದವನ್ನು, ಪಟ್ಟಿಯ ಮೇಲ್ಭಾಗದಲ್ಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಗಾಜಿನ ಮೇಲೆ ಮರಳಾಡಿಸಿ ಮಾಡಿದ ಚಿತ್ರದ ಶ್ರಮ ಏನೆಂದು ಅಲ್ಲಿ ಕೂತವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕಥಾಸಾರ ಎರಡೇ ವಾಕ್ಯ ಸಾಕು: ಯಾರಿಗೆ ಏನು ಬೇಕು, ಅಡ್ಡ ಏನಿದೆ. ಸ್ಥಿರಚಿತ್ರಗಳನ್ನು ಮೂಲ ರೆಂಡರ್‌ನಿಂದಲೇ ತೆಗೆಯಿರಿ. ಅವುಗಳಲ್ಲಿ ಒಂದಾದರೂ ಬೆರಳಗಲಕ್ಕೆ ಕುಗ್ಗಿಸಿದರೂ ಗುರುತು ಸಿಗುವಂತಿರಲಿ, ಕ್ಯಾಟಲಾಗಿನಲ್ಲಿ ಅಚ್ಚಾಗುವುದು ಅದೇ. ಇಂಗ್ಲಿಷ್ ಸಬ್‌ಟೈಟಲ್ಲುಗಳನ್ನು ಸ್ಕ್ರೀನರ್‌ನಲ್ಲಿ ಅಚ್ಚೊತ್ತಿ, ಜೊತೆಗೆ ಎಸ್‌ಆರ್‌ಟಿ (ಸಬ್‌ಟೈಟಲ್ಲಿನ ಮಾತು, ಸಮಯ ಮಾತ್ರ ಇರುವ ಪಠ್ಯ) ಫೈಲಾಗಿಯೂ ಇಟ್ಟುಕೊಳ್ಳಿ. ಚಿತ್ರದೊಳಗೆ ಕೈಯಿಂದ ಬರೆದ ಬೋರ್ಡು, ಕಾಗದಗಳಿಗೂ ಅನುವಾದ ಬೇಕೆಂಬುದು ಸುಲಭವಾಗಿ ಮರೆತುಹೋಗುತ್ತದೆ.

ಸಂಗೀತದ್ದು ಎರಡು ಹಕ್ಕು. ಹಾಡನ್ನು ದೃಶ್ಯಕ್ಕೆ ಹೊಂದಿಸುವ ಹಕ್ಕು ರಚನೆಯ ಒಡೆಯರಿಂದ ಬರಬೇಕು, ಆ ಧ್ವನಿಮುದ್ರಣವನ್ನೇ ಬಳಸುವ ಹಕ್ಕು ಅದರ ಒಡೆಯರಿಂದ. ಒಂದು ಕೈಯಲ್ಲಿದ್ದು ಇನ್ನೊಂದು ಇಲ್ಲದ ಚಿತ್ರ ಆಯ್ಕೆಯಾದರೂ ಹಿಂದೆ ಸರಿಯಬೇಕಾಗಬಹುದು. ವಿದ್ಯಾರ್ಥಿಗಳ ಒಳ್ಳೆಯ ಚಿತ್ರಗಳಿಗೆ ಹೀಗಾಗುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಕಳಿಸುವ ಗುಂಡಿ ಒತ್ತುವ ಮುನ್ನ ಸ್ಕ್ರೀನರ್‌ನ ಕೊಂಡಿಯನ್ನು (ಲಿಂಕ್) ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ನಿಮ್ಮ ಬ್ರೌಸರ್ ನಿಮ್ಮ ಲಾಗಿನ್ ನೆನಪಿಟ್ಟುಕೊಂಡಿರುತ್ತದೆ, ಹಾಗಾಗಿ ಪಾಸ್‌ವರ್ಡ್ ತಪ್ಪಿದ್ದರೂ ನಿಮಗೆ ಚಿತ್ರ ಓಡುತ್ತದೆ, ಸಮಿತಿಗೆ ಓಡುವುದಿಲ್ಲ. ಉತ್ಸವ ಮುಗಿಯುವವರೆಗೆ ಪಾಸ್‌ವರ್ಡ್ ಬದಲಿಸಬೇಡಿ.

ಆಯ್ಕೆಯಾದರೆ ಚಿತ್ರಮಂದಿರಕ್ಕೆ ಡಿಸಿಪಿ, ಎಂದರೆ ಅಲ್ಲಿನ ಪ್ರೊಜೆಕ್ಟರಿಗೆಂದೇ ಸಿದ್ಧಪಡಿಸುವ ಡಿಜಿಟಲ್ ಫೈಲುಗಳ ಕಟ್ಟು, ಕೇಳುತ್ತಾರೆ. 16:9 ಚಿತ್ರ 1998×1080ರ ಚೌಕಟ್ಟಿನಲ್ಲಿ 1920ರ ಅಗಲ ಕೂತು, ಎರಡೂ ಬದಿಗೆ 39 ಪಿಕ್ಸೆಲ್ ಕಪ್ಪು ಉಳಿಯುತ್ತದೆ; ಅದನ್ನು ತುಂಬಿಸಲು ಹಿಗ್ಗಿಸಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಉತ್ಸವ ಕೇಳದಿದ್ದರೆ ಬೀಗಮುದ್ರೆ (ಎನ್‌ಕ್ರಿಪ್ಷನ್) ಹಾಕಬೇಡಿ, ಅದನ್ನು ತೆರೆಯುವ ಡಿಜಿಟಲ್ ಕೀಲಿಯ ಅವಧಿಯಲ್ಲಿ ಒಂದು ಗಂಟೆ ಹೆಚ್ಚುಕಡಿಮೆಯಾದರೂ ಪ್ರದರ್ಶನ ನಿಂತುಹೋಗುತ್ತದೆ. ಡಿಸಿಪಿಯ ಹೊರ ಫೋಲ್ಡರಿಗೆ ಚಿತ್ರದ ಹೆಸರಿಡಬಹುದು. ಒಳಗಿನ ಫೈಲುಗಳ ಹೆಸರನ್ನು ಮಾತ್ರ ಮುಟ್ಟಕೂಡದು: ಅಸೆಟ್‌ಮ್ಯಾಪ್ (ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ) ಅವನ್ನು ಹುಡುಕುವುದು ಹಳೆಯ ಹೆಸರಿನಲ್ಲೇ, ಸಿಗದಿದ್ದರೆ ಸರ್ವರ್ ಚಿತ್ರವನ್ನು ಒಳಗೆ ಬಿಡುವುದಿಲ್ಲ.