ಮೇಷ್ಟ್ರ ಮನೆ ಸಾಮಾನು ಲಾರಿ ಹತ್ತುವ ದಿನ

ದೇಶದ ಈ ಮೂಲೆಯಿಂದ ಆ ಮೂಲೆಗೆ ಹೊರಟ ಸಾಮಾನಿನ ಲಾರಿ ಹೇಳಿದ ದಿನಕ್ಕೆ ಬರುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಸೆಮಿಸ್ಟರ್ ಮಾತ್ರ ಹೇಳಿದ ದಿನಕ್ಕೇ ಶುರುವಾಗುತ್ತದೆ. ವಿಶ್ವವಿದ್ಯಾಲಯದ ಕೆಲಸ ಹಿಡಿದು ಊರು ಬಿಡುವ ಎಳೆಯ ಸಂಸಾರದ ಪೀಕಲಾಟವೆಲ್ಲ ಈ ಎರಡು ತಾರೀಖುಗಳ ನಡುವೆಯೇ. ಬೇರೆ ಕೆಲಸವಾದರೆ ಮೊದಲ ವಾರ ಕುರ್ಚಿ ಮೇಜು ಹೊಂದಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ಮೊದಲ ದಿನವೇ ಒಂದು ಕ್ಲಾಸು ತುಂಬ ವಿದ್ಯಾರ್ಥಿಗಳು ಎದುರಿಗೆ ಕೂತಿರುತ್ತಾರೆ. ಆದ್ದರಿಂದ ಸಾಮಾನು ಕಟ್ಟುವಾಗ ಪ್ರತಿ ವಸ್ತುವಿಗೂ ಕೇಳಬೇಕಾದ್ದು ಒಂದೇ ಪ್ರಶ್ನೆ: ಲಾರಿ ಎರಡು ವಾರ ತಡವಾದರೆ, ಇದಿಲ್ಲದೆ ಪಾಠ ನಡೆಯುತ್ತದೆಯೇ, ಮಗು ಮಲಗುತ್ತದೆಯೇ?

ತಡವಾಗುವುದಕ್ಕೆ ಕಾರಣವಿದೆ. ಇಡೀ ಲಾರಿ ನಿಮ್ಮದೇ ಆದರೆ ಬಾಗಿಲಿಗೆ ಸೀಲು ಹಾಕಿ ಕಳಿಸುತ್ತಾರೆ, ಅದೇ ಗಾಡಿ ಆ ತುದಿಯಲ್ಲಿ ಬಾಗಿಲು ತೆರೆಯುತ್ತದೆ. ಸಣ್ಣ ಮನೆಯ ಸಾಮಾನಿಗೆ ಅದು ದುಬಾರಿ. ಹಾಗಾಗಿ ಹೆಚ್ಚಿನವರು ನಾಲ್ಕಾರು ಮನೆಯ ಸಾಮಾನು ಒಟ್ಟಿಗೆ ಹೋಗುವ ಗಾಡಿ ಹಿಡಿಯುತ್ತಾರೆ. ಅದು ತುಂಬುವವರೆಗೆ ಹೊರಡದು. ನಡುದಾರಿಯ ಗೋದಾಮಿನಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಏರಿಸುವುದೂ ಉಂಟು. ಆಗ ಎರಡು ಸಲ ಎತ್ತಿಡಬೇಕಾದ ಪೆಟ್ಟಿಗೆಯನ್ನು ನಾಲ್ಕು ಸಲ ಎತ್ತಿಡುತ್ತಾರೆ. ಏಟು ಬೀಳುವುದು ಅಲ್ಲೇ. ದರ ಮಾತಾಡುವಾಗ ದಾರಿಯಲ್ಲಿ ಗಾಡಿ ಬದಲಾಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಬೇಕು.

ಮೇಷ್ಟ್ರ ಮನೆಯಲ್ಲಿ ತೂಕವೆಂದರೆ ಪುಸ್ತಕ. ಸೋಫಾ, ಮಂಚಗಳೆಲ್ಲ ಜಾಗ ತಿನ್ನುತ್ತವೆಯೇ ಹೊರತು ಅಷ್ಟೇನೂ ತೂಗುವುದಿಲ್ಲ. ಒತ್ತಾಗಿ ಜೋಡಿಸಿದ ಒಂದು ಮೀಟರ್ ಉದ್ದದ ಪುಸ್ತಕದ ಸಾಲು 20 ಕಿಲೋಗೆ ಕಡಿಮೆ ಇರುವುದು ಅಪರೂಪ, ದಪ್ಪ ಪಠ್ಯಗಳಾದರೆ 30 ದಾಟುತ್ತದೆ. ಪ್ರಿಂಟು ಹಾಕಿಟ್ಟ ಪ್ರಬಂಧಗಳ ರಾಶಿಗೂ ಲೆಕ್ಕ ಸುಲಭ: 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆಯ 500ರ ಕಟ್ಟು 2.5 ಕಿಲೋ, ಎತ್ತರ ಸುಮಾರು 5 ಸೆಂಟಿಮೀಟರ್. ಮೊಣಕಾಲೆತ್ತರದ ರಾಶಿ ಎಂದರೆ 25 ಕಿಲೋ. ಅದರಲ್ಲಿ ಮುಕ್ಕಾಲು ಪಾಲು ಪಿಡಿಎಫ್ ಆಗಿ ಕಂಪ್ಯೂಟರಿನಲ್ಲೇ ಇರುತ್ತದೆ. ಅಂಚಿನಲ್ಲಿ ಕೈಬರಹದ ಟಿಪ್ಪಣಿ ಇರುವವನ್ನಷ್ಟೇ ಸ್ಕ್ಯಾನ್ ಮಾಡಿ ಉಳಿದದ್ದನ್ನು ರದ್ದಿಗೆ ಹಾಕುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಓದುತ್ತೇನೆಂದು ಇಟ್ಟುಕೊಂಡು ಐದು ವರ್ಷ ಮುಟ್ಟದ ಪ್ರಬಂಧ ಹೊಸ ಊರಿನಲ್ಲೂ ಮುಟ್ಟಿಸಿಕೊಳ್ಳುವುದಿಲ್ಲ.

ಉಳಿದ ಪುಸ್ತಕಗಳಿಗೆ ಚಿಕ್ಕ ಪೆಟ್ಟಿಗೆಯೇ ಬೇಕು. 40, 30, 25 ಸೆಂಟಿಮೀಟರ್ ಅಳತೆಯ ರಟ್ಟಿನ ಪೆಟ್ಟಿಗೆ 30 ಲೀಟರ್ ಹಿಡಿಯುತ್ತದೆ. ಪುಸ್ತಕ ತುಂಬಿದರೆ ಹತ್ತಿರ ಹತ್ತಿರ 20 ಕಿಲೋ. ಒಬ್ಬ ಆಳು ಇಡೀ ದಿನ ಸೊಂಟ ಹಿಡಿಯದೆ ಎತ್ತಬಹುದಾದ ತೂಕ ಅಷ್ಟೇ. ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಮೆಟ್ಟಿಲ ಮೇಲೆ ತಳ ಕಿತ್ತುಕೊಂಡು ಬರುತ್ತದೆ. ತಳಕ್ಕೆ ಟೇಪು ಒಂದೇ ಗೆರೆ ಸಾಲದು: ನಡುವಿನ ಸೀಳಿನ ಮೇಲೆ ಎರಡು ಸುತ್ತು, ಎರಡೂ ಅಂಚಿಗೆ ಅಡ್ಡಲಾಗಿ ಒಂದೊಂದು. ಪುಸ್ತಕವನ್ನು ಕಪಾಟಿನಲ್ಲಿದ್ದಂತೆ ನೆಟ್ಟಗೆ ನಿಲ್ಲಿಸಬಹುದು, ಅಡ್ಡ ಮಲಗಿಸಬಹುದು, ಬೆನ್ನು ಕೆಳಗೆ ಮಾಡಿಯೂ ಇಡಬಹುದು. ಬೆನ್ನು ಮೇಲಾಗಿ ಮಾತ್ರ ಇಡಬಾರದು. ಹಾಳೆಗಳ ಭಾರವೆಲ್ಲ ಜೋತುಬಿದ್ದು, ಲಾರಿಯ ಕುಲುಕಾಟಕ್ಕೆ ಹೊಲಿಗೆಯೋ ಅಂಟೋ ಬಿಡುತ್ತದೆ. ಸಂದು ಉಳಿದರೆ ಖಾಲಿ ಹಾಳೆ ಮುದ್ದೆ ಮಾಡಿ ತುರುಕಬೇಕು. ಒಳಗೆ ಪೊಳ್ಳು ಬಿಟ್ಟರೆ ಮೇಲಿನ ಪೆಟ್ಟಿಗೆಯ ಭಾರಕ್ಕೆ ರಟ್ಟು ಕುಸಿಯುತ್ತದೆ. ಸುದ್ದಿಪತ್ರಿಕೆ ಬೇಡ, ಶಾಯಿ ಪುಸ್ತಕಗಳ ತಿಳಿಬಣ್ಣದ ಹೊದಿಕೆಗೆ ಹತ್ತುತ್ತದೆ. ಪೆಟ್ಟಿಗೆಯ ನಂಬರನ್ನು ಮುಚ್ಚಳದ ಮೇಲಲ್ಲ, ಅಕ್ಕಪಕ್ಕದ ಎರಡು ಮಗ್ಗುಲಿಗೆ ಬರೆಯಬೇಕು. ಒಂದರ ಮೇಲೊಂದು ಪೇರಿಸಿದ ಮೇಲೆ ಮುಚ್ಚಳ ಕಾಣುವುದೇ ಇಲ್ಲ.

ಮೊದಲ ತಿಂಗಳ ಪಾಠಕ್ಕೆ ಬೇಕಾದ ಎರಡು ಮೂರು ಪುಸ್ತಕ, ಟಿಪ್ಪಣಿ ಪುಸ್ತಕ, ಹಾರ್ಡ್ ಡಿಸ್ಕು ಲಾರಿಗೆ ಹೋಗಕೂಡದು. ಸಂಶೋಧನೆಯ ದತ್ತಾಂಶಕ್ಕೆ ಬಳಕೆಯಲ್ಲಿರುವ ನಿಯಮ ಒಳ್ಳೆಯದು: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಗಂಡ ಹೆಂಡತಿ ಇಬ್ಬರ ಚೀಲದಲ್ಲೂ ಒಂದೊಂದು ಡಿಸ್ಕು ಇರಲಿ. ವಿಮಾನದಲ್ಲಾದರೆ ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್‌ವರೆಗೆ ಸಾಮಾನ್ಯವಾಗಿ ಮುಂಚಿತ ಅನುಮತಿ ಬೇಕಾಗದು. 20,000 ಎಂಎಎಚ್‌ನದು 74 ವ್ಯಾಟ್ ಅವರ್ ಮಾತ್ರ.

ಸಾಮಾನಿನಷ್ಟೇ ಮುಖ್ಯವಾಗಿ, ಆದರೆ ಯಾರ ಪಟ್ಟಿಯಲ್ಲೂ ಇಲ್ಲದೆ ಉಳಿಯುವುದು ಹಳೆಯ ಸಂಸ್ಥೆಯ ಇಮೇಲ್. ಕೆಲಸ ಬಿಟ್ಟ ಮೇಲೆ ಆ ಖಾತೆ ಯಾವತ್ತಾದರೂ ಮುಚ್ಚುತ್ತದೆ, ಜೊತೆಗೆ ಅದರ ಮೂಲಕ ತೆರೆಯುತ್ತಿದ್ದ ಎಲ್ಲದರ ಬಾಗಿಲೂ ಮುಚ್ಚುತ್ತದೆ: ಜರ್ನಲ್‌ಗಳ ಖಾತೆ, ಅನುದಾನ ಸಂಸ್ಥೆಯ ಪೋರ್ಟಲ್, ಕ್ಲೌಡ್‌ನಲ್ಲಿಟ್ಟ ಕಡತ, ಸಾಫ್ಟ್‌ವೇರ್ ಪರವಾನಗಿ. ಪರಿಶೀಲನೆಯಲ್ಲಿರುವ ಪ್ರಬಂಧದ ಪತ್ರವ್ಯವಹಾರ ಹಳೆಯ ವಿಳಾಸಕ್ಕೆ ಹೋದರೆ ತಿದ್ದುಪಡಿಯ ಗಡುವು ತಿಳಿಯದೆಯೇ ದಾಟಿಹೋಗುತ್ತದೆ. ಸಂಶೋಧಕರಿಗೆ ಕಾಯಂ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ (ORCID) ಖಾತೆಗೆ ಸ್ವಂತ ಇಮೇಲನ್ನು ಮೊದಲೇ ಸೇರಿಸಿಟ್ಟರೆ ಆ 16 ಅಂಕಿಯ ಗುರುತು ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಎಲ್ಲಕ್ಕಿಂತ ಮೊದಲು ಎರಡು ಹಂತದ ಲಾಗಿನ್‌ನ ಸಂಕೇತ ಎಲ್ಲಿಗೆ ಬರುತ್ತಿದೆ ಎಂದು ನೋಡಿ ಬದಲಿಸಿಕೊಳ್ಳಬೇಕು, ಖಾತೆ ಇನ್ನೂ ತೆರೆದಿರುವಾಗಲೇ.

ಇನ್ನು ಮಗು. ಲಾರಿ ತುಂಬುವ ದಿನ ಮಗುವನ್ನು ಆ ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಎಲ್ಲ ಉಪಾಯಗಳಿಗಿಂತ ಮೇಲು. ತೆರೆದ ಬಾಗಿಲು, ನೆಲದ ಮೇಲೆ ಕಟ್ಟರು, ಸ್ಕ್ರೂ, ಗೋಡೆಗೊರಗಿಸಿದ ಕನ್ನಡಿ. ಇಬ್ಬರಲ್ಲಿ ಒಬ್ಬರು ಮಗುವಿನ ಜೊತೆ ಹೊರಗಿರಬೇಕು, ಇನ್ನೊಬ್ಬರು ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಇಬ್ಬರೂ ಎರಡನ್ನೂ ಮಾಡಲು ಹೋದರೆ ಎರಡೂ ಕೆಡುತ್ತವೆ.

ತೊಟ್ಟಿಲು ಮಂಚವನ್ನು ಕೊನೆಯ ಬೆಳಿಗ್ಗೆ ಬಿಚ್ಚಬೇಕು. ಬಿಚ್ಚುವ ಮುಂಚೆ ಪ್ರತಿ ಮೂಲೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಎಡ ಬಲ ಪಟ್ಟಿಗಳು ನೋಡಲು ಒಂದೇ ತರಹ ಇದ್ದರೂ ತೂತಿನ ಜಾಗ ಬೇರೆ ಇರುತ್ತದೆ. ಟೇಪಿನ ತುಂಡಿನ ಮೇಲೆ ಎ–ಎ, ಬಿ–ಬಿ ಎಂದು ಬರೆದು ಸೇರುವ ಎರಡೂ ತುದಿಗೆ ಅಂಟಿಸಿದರೆ ಆಯಿತು. ಬೋಲ್ಟು, ಅದಕ್ಕೆ ಕೂರುವ ಮರದೊಳಗಿನ ನಟ್ಟು, ಬೋಲ್ಟು ತಿರುಗಿಸುವ ಅಲೆನ್ ಕೀ ಮೂರನ್ನೂ ಜಿಪ್ ಚೀಲಕ್ಕೆ ಹಾಕಬೇಕು. ಆ ಚೀಲವನ್ನು ಮಂಚದ ಕಾಲಿಗೆ ಟೇಪಿನಿಂದ ಅಂಟಿಸಿ ಕಳಿಸುವುದು ವಾಡಿಕೆ. ನಮ್ಮ ಮಟ್ಟಿಗೆ ಅದು ತಪ್ಪು: ಟೇಪು ದಾರಿಯಲ್ಲಿ ಉದುರುತ್ತದೆ, ಬೋಲ್ಟು ಕಳೆದರೆ ಅದೇ ಅಳತೆಯದು ಸುಲಭಕ್ಕೆ ಸಿಗದು. ಚೀಲ ಕೈಸಾಮಾನಿನಲ್ಲಿ ಬರಲಿ. ಆದರೆ ಅಲೆನ್ ಕೀಯನ್ನು ವಿಮಾನದ ಭದ್ರತಾ ತಪಾಸಣೆಯಲ್ಲಿ ತಡೆಯಬಹುದಾದ್ದರಿಂದ ಅದನ್ನು ಲಗೇಜಿಗೆ ಕೊಡುವ ಸೂಟ್‌ಕೇಸಿಗೆ ಹಾಕುವುದು ಲೇಸು. ಮಗುವಿನ ಹೊದಿಕೆಯನ್ನು ಒಗೆಯದೆ ಹಾಗೆಯೇ ಜೊತೆಗೆ ಒಯ್ಯಬೇಕು. ಹೊಸ ಗೋಡೆ, ಹೊಸ ಸದ್ದುಗಳ ನಡುವೆ ಪರಿಚಯದ ವಾಸನೆ ಅದೊಂದೇ. ಲಸಿಕೆಯ ಕಾರ್ಡು, ಜನನ ಪ್ರಮಾಣಪತ್ರ, ನಡೆಯುತ್ತಿರುವ ಔಷಧಿಯ ಚೀಟಿ ಇವೂ ಕೈಯಲ್ಲೇ. ವಿಮಾನ ಇಳಿಯುವಾಗ ಎದೆಹಾಲೋ ಬಾಟಲಿಯೋ ಬಾಯಲ್ಲಿದ್ದರೆ ನುಂಗುವ ಚಲನೆಗೆ ಕಿವಿಯ ಒತ್ತಡ ಇಳಿಯುತ್ತದೆ. ಏರುವಾಗಲೇ ಪೂರ್ತಿ ಕುಡಿಸಿಬಿಟ್ಟರೆ ಇಳಿಯುವ ಹೊತ್ತಿಗೆ ಮಗು ಬಾಯಿ ತೆರೆಯುವುದಿಲ್ಲ.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಬಾಗಿಲು ತೆರೆದಿಟ್ಟು, ಹಿಂಬದಿಯ ನೀರಿನ ತಟ್ಟೆ ಖಾಲಿ ಮಾಡಬೇಕು. ಅದು ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಮಲಗಿಸಿ ತಂದದ್ದಾದರೆ ನಿಲ್ಲಿಸಿ ಒಂದು ದಿನ ಕಾದು ಚಾಲೂ ಮಾಡಬೇಕು. ಮುಂಬಾಗಿಲಿನ ವಾಷಿಂಗ್ ಮಷೀನಿನ ಡ್ರಮ್ಮು ಸ್ಪ್ರಿಂಗಿನ ಮೇಲೆ ತೂಗಾಡುತ್ತಿರುತ್ತದೆ. ಹಿಂಬದಿಯ ತೂತುಗಳಿಗೆ ಕೊಂಡಾಗ ಬಂದಿದ್ದ ಸಾಗಣೆ ಬೋಲ್ಟುಗಳನ್ನು ಬಿಗಿಯದಿದ್ದರೆ ದಾರಿಯುದ್ದಕ್ಕೂ ಅದು ಒಳಗೋಡೆಗೆ ಬಡಿಯುತ್ತದೆ. ಅಲ್ಲಿ ತಲುಪಿ ಅವನ್ನು ಬಿಚ್ಚದೆ ಓಡಿಸಿದರೆ ಮಷೀನೇ ಕುಣಿಯುತ್ತ ಜಾಗ ಬಿಟ್ಟು ನಡೆಯುತ್ತದೆ.

ಲಾರಿಯಲ್ಲಿ ಭಾರದ್ದು ಡ್ರೈವರನ ಕಡೆಗೆ, ನೆಲದ ಮೇಲೆ: ಮೊದಲು ಪುಸ್ತಕ, ಫ್ರಿಜ್ಜು, ಮಷೀನು. ಹಾಸಿಗೆಗಳು ಮಗ್ಗುಲಿಗೆ ನಿಂತರೆ ಮೆತ್ತೆಯ ಕೆಲಸವನ್ನೂ ಮಾಡುತ್ತವೆ. ತೊಟ್ಟಿಲು ಮಂಚ ಮತ್ತು ಒಂದು ಅಡುಗೆ ಪೆಟ್ಟಿಗೆ ಕಟ್ಟಕಡೆಗೆ, ಬಾಗಿಲ ಬಳಿ. ಕೊನೆಗೆ ಹತ್ತಿದ್ದು ಮೊದಲು ಇಳಿಯುತ್ತದೆ. ಹಂಚಿಕೆಯ ಗಾಡಿಯಲ್ಲಿ ಈ ಕ್ರಮ ಗೋದಾಮಿನಲ್ಲೇ ಮುರಿದುಬೀಳುವುದರಿಂದ, ಮೊದಲ ರಾತ್ರಿಗಳಿಗೆ ಮಗು ಮಲಗುವ ಏರ್ಪಾಡು ಬೇರೆಯೇ ಇರಬೇಕು.

ಹಣದ ವಿಷಯ. ಸಾಗಣೆ ವೆಚ್ಚ ಕೊಡುತ್ತೇವೆ ಎನ್ನುವ ಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಕೊಡುವುದಿಲ್ಲ, ರಸೀದಿ ನೋಡಿ ಹಿಂತಿರುಗಿಸುತ್ತವೆ. ಎಷ್ಟು ತೂಕದವರೆಗೆ, ಎಷ್ಟು ದರಪಟ್ಟಿ ಬೇಕು, ಸಂಗಾತಿ ಮತ್ತು ಮಗುವಿನ ಟಿಕೆಟ್ಟೂ ಸೇರಿದೆಯೇ, ಇವನ್ನೆಲ್ಲ ನೇಮಕಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಇಮೇಲಿನಲ್ಲಿ ಕೇಳಬೇಕು. ಸಂಗಾತಿಗೆ ಅಲ್ಲಿ ಕೆಲಸದ ಮಾತೂ ಆಗಲೇ ಬರಬೇಕು. ಸಹಿಯಾದ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ. ಮನೆಯ ಮುಂಗಡ, ಲಾರಿಯ ಬಾಡಿಗೆ, ಮೊದಲ ಸಂಬಳ ಬರುವವರೆಗಿನ ಖರ್ಚು ಮೂರೂ ಒಂದೇ ತಿಂಗಳಲ್ಲಿ ಬೀಳುತ್ತವೆ.

ವಿಮೆ ಮಾಡಿಸುವಾಗ ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ಪರಿಹಾರ ಇದೆಯೇ ಎಂದು ಓದಿ ನೋಡಬೇಕು. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಇಳಿಸುವಾಗ ನಂಬರಿನ ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತ ಹೋಗಬೇಕು. ಮೂಲೆ ಜಜ್ಜಿದ, ಒದ್ದೆಯಾದ ಪೆಟ್ಟಿಗೆಯನ್ನು ಲಾರಿಯವನ ಎದುರೇ ಫೋಟೋ ತೆಗೆದು, ಅವನ ರಸೀದಿಯ ಪ್ರತಿಯಲ್ಲಿ ನಂಬರು ಸಮೇತ ಬರೆದ ಮೇಲೆಯೇ ಸಹಿ. ಕತ್ತಲಾಯಿತು, ಇನ್ನೊಂದು ಮನೆಗೆ ಹೋಗಬೇಕು ಎಂದು ಅವನು ಅವಸರ ಮಾಡುತ್ತಾನೆ. ಮಾಡಲಿ. ಉಳಿದ ಪೆಟ್ಟಿಗೆಗಳನ್ನು ಪಾಲಿಸಿಯ ಗಡುವಿನೊಳಗೆ ತೆರೆದು ನೋಡಬೇಕು, ಅದಕ್ಕೂ ಮುಂಚೆ ಸೆಮಿಸ್ಟರ್ ಶುರುವಾಗಿಬಿಟ್ಟರೆ ರಾತ್ರಿಗೆ ನಾಲ್ಕರಂತೆ.