ಗದ್ದೆ ಪಾಚಿಯೊಳಗೆ ಸೆಕೆಂಡಿಗೆ 60 ಮೈಕ್ರೋಮೀಟರ್

ಜೀವಕೋಶದೊಳಗಿನ ಓಡಾಟದ ವೇಗ ಅಳೆಯಲು ಕೂತ ಮೇಲೆ, ಆರನೇ ವಾರಕ್ಕೆ ನಂಬಬಹುದಾದ ಅಂಕಿ ಒಂದು ಕೈಗೆ ಸಿಕ್ಕಿದೆ. ಅದಕ್ಕೆ ಮುಂಚೆ ದಂಡವಾದ ವಾರಗಳ ಲೆಕ್ಕ ಒಪ್ಪಿಸಿಬಿಡುತ್ತೇನೆ.

ದಾವಣಗೆರೆಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಹಗಲೆಲ್ಲಾ ಡಿಸ್‌ಪ್ಲೇ, ಚಾರ್ಜಿಂಗ್ ಪಿನ್ನು. ರಾತ್ರಿ ಶಟರ್ ಅರ್ಧ ಇಳಿಸಿ ಮೈಕ್ರೋಸ್ಕೋಪ್ ಮುಂದೆ ಕೂರುತ್ತೇನೆ. ಜೀವಕೋಶದೊಳಗೆ ಕಣದಂಗಗಳು (ಕೋಶದ ಪುಟ್ಟ ಪುಟ್ಟ ಅಂಗಗಳು) ಓಡಾಡುವುದನ್ನು ಕಣ್ಣಾರೆ ನೋಡಬೇಕು, ವೇಗ ಅಳೆಯಬೇಕು. ಇಷ್ಟೇ ಆಸೆ. ಮೈಕ್ರೋಸ್ಕೋಪ್ ಸೆಕೆಂಡ್ ಹ್ಯಾಂಡ್. ಮಾರಿದವರು "ಕಂಡಿಷನ್ ಸೂಪರ್ ಇದೆ ಸಾರ್" ಅಂದಿದ್ದರು. ಬಿಚ್ಚಿ ನೋಡಿದರೆ 40ರ ಲೆನ್ಸಿಗೆ (40 ಪಟ್ಟು ಹಿಗ್ಗಿಸುವುದು) ಬೂಸ್ಟು ಹಿಡಿದಿತ್ತು. ಬೋರ್ಡ್ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂಗಡಿಯಲ್ಲೇ ಇತ್ತಲ್ವಾ, ಒರೆಸಿದೆ. ಕನ್ನಡಿ ಒಡೆದಿದ್ದ ಜಾಗಕ್ಕೆ ಹಳೇ ಫೋನಿನ ಫ್ಲ್ಯಾಶ್ ಎಲ್‌ಇಡಿ ಕೂರಿಸಿದೆ.

ಮೊದಲ ಮೂರು ವಾರ ಹೈಡ್ರಿಲ್ಲಾ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನೀರುಗಿಡ. ಇದರ ಎಲೆಯಲ್ಲಿ ಎರಡೇ ಪದರ ಕೋಶ, ಹಾಗಾಗಿ ಕೊಯ್ಯುವ ಗೋಜಿಲ್ಲ. ಇಟ್ಟಿಗೆ ಗೋಡೆಯ ಹಾಗೆ ಕೋಶಗಳು, ಒಳಗೆ ಹೆಸರುಕಾಳು ಚೆಲ್ಲಿದ ಹಾಗೆ ಕ್ಲೋರೋಪ್ಲಾಸ್ಟ್, ಅಂದರೆ ಬೆಳಕಿನಿಂದ ಆಹಾರ ಮಾಡುವ ಹಸಿರು ಕಣದಂಗ. ಮೊದಲ ರಾತ್ರಿ ಅರ್ಧ ಗಂಟೆ ಕಣ್ಣಿಟ್ಟರೂ ಒಂದೂ ಅಲ್ಲಾಡಲಿಲ್ಲ. ಬೇಜಾರಾಗಿ ಊಟಕ್ಕೆ ಹೋದೆ, ಲೈಟ್ ಆರಿಸುವುದು ಮರೆತೆ. ವಾಪಸ್ ಬಂದು ನೋಡಿದರೆ ಎಲ್ಲವೂ ಗೋಡೆ ಹಿಡಿದು ಸಾಲಾಗಿ ಸುತ್ತುತ್ತಿವೆ! ಎಲೆ ಕಿತ್ತು ಸ್ವಲ್ಪ ಹೊತ್ತಾಗಬೇಕು, ಬೆಳಕು ಬೀಳಬೇಕು, ಆಮೇಲೆ ಶುರು. ಒಂದು ಕ್ಲೋರೋಪ್ಲಾಸ್ಟ್ ಮೂಲೆಗೆ ಬಂದು ತಡವರಿಸಿತು. ಹಿಂದಿನ ಎರಡು ಬಂದು ಅದಕ್ಕೆ ತಾಗಿದವು. ಮೂರೂ ಒಟ್ಟಿಗೆ ತಿರುಗಿದವು. ಅದನ್ನು ನೋಡುತ್ತಾ ಹನ್ನೊಂದೂವರೆ ಆಗಿದ್ದು ಗೊತ್ತೇ ಆಗಲಿಲ್ಲ.

ಅಳತೆಗೆ ದಾರಿ ಸುಲಭ. 4ರ ಲೆನ್ಸಿನಲ್ಲಿ ಪ್ಲಾಸ್ಟಿಕ್ ಸ್ಕೇಲ್ ಇಟ್ಟೆ. ಒಂದು ಅಂಚಿನಿಂದ ಇನ್ನೊಂದಕ್ಕೆ 4.5 ಮಿಲಿಮೀಟರ್ ಕಾಣಿಸಿತು. ಅಂದರೆ 40ರಲ್ಲಿ ಅದರ ಹತ್ತನೇ ಒಂದು ಭಾಗ, 450 ಮೈಕ್ರೋಮೀಟರ್. ಫೋನಿನಲ್ಲಿ ವಿಡಿಯೋ ಹಿಡಿದು ಸೆಕೆಂಡ್ ಎಣಿಸಿದರೆ ಆಯಿತು. ಹೈಡ್ರಿಲ್ಲಾದಲ್ಲಿ ಸೆಕೆಂಡಿಗೆ ಸುಮಾರು 5 ಮೈಕ್ರೋಮೀಟರ್ ಬಂತು. ಆದರೆ ಒಂದೊಂದು ಕೋಶ ಒಂದೊಂದು ಥರ, ಅಂಕಿ ನಿಲ್ಲಲೇ ಇಲ್ಲ.

ನಾಲ್ಕನೇ ವಾರ ಅಂಗಡಿ ಕೆಲಸ ಜಾಸ್ತಿ. ಏನೂ ಆಗಲಿಲ್ಲ.

ಐದನೇ ವಾರ ಹರಿಹರದ ಕಡೆ ಸೋದರಮಾವನ ಊರಿಗೆ ಹೋದೆ. ಭದ್ರಾ ನಾಲೆ ನೀರಿನ ಭತ್ತದ ಗದ್ದೆ. ನಾನು ಹುಡುಕುತ್ತಿದ್ದದ್ದು ಕಾರಾ ಎಂಬ ಪಾಚಿ. (ನಮ್ಮೂರಿನ ಖಾರ ಮಂಡಕ್ಕಿಗೂ ಇದಕ್ಕೂ ಸಂಬಂಧ ಇಲ್ಲ.) ಬದುವಿನ ಪಕ್ಕ ನಿಂತ ನೀರಿನಲ್ಲಿ ಸಿಕ್ಕಿತು. ಕೈಯಲ್ಲಿ ಹಿಸುಕಿದರೆ ಕೆಟ್ಟ ಬೆಳ್ಳುಳ್ಳಿಯಂಥ ವಾಸನೆ. "ಗದ್ದ್ಯಾಗಿನ ಕಸ ತಗಂಡು ಏನ್ ಮಾಡ್ತೀಯಲೇ?" ಅಂದ ಮಾವ. "ಇದರೊಳಗೆ ಟ್ರಾಫಿಕ್ ಐತೆ ಮಾವ" ಅಂದೆ. ಬಿಸಿಲು ಹತ್ತಿದೆ ಅಂದುಕೊಂಡಿರಬೇಕು, ಮಜ್ಜಿಗೆ ಕೊಟ್ಟ.

ಇದರ ವಿಶೇಷ ಏನಂದರೆ ಎರಡು ಗೆಣ್ಣುಗಳ ನಡುವೆ ಉದ್ದಕ್ಕೂ ಒಂದೇ ದೊಡ್ಡ ಕೋಶ. ನನ್ನ ಕೈಲಿದ್ದದ್ದು 2 ಸೆಂಟಿಮೀಟರ್ ಉದ್ದ, ಬರಿಗಣ್ಣಿಗೇ ಕಾಣುತ್ತದೆ. 1774ರಲ್ಲಿ ಇಟಲಿಯ ಬೊನವೆಂಚುರಾ ಕಾರ್ತಿ ಕೋಶದೊಳಗಿನ ಹರಿವನ್ನು ಮೊದಲು ಕಂಡದ್ದು ಇಂಥ ಪಾಚಿಯಲ್ಲೇ.

ಇಲ್ಲಿ ಮತ್ತೆ ಏಮಾರಿದೆ. ಹಸಿರು ಕ್ಲೋರೋಪ್ಲಾಸ್ಟ್‌ಗಳನ್ನೇ ನೋಡುತ್ತಾ ಕೂತೆ, ಅವು ಕದಲಲಿಲ್ಲ. ಕಾರಾದಲ್ಲಿ ಅವು ಗೋಡೆಗೆ ಅಂಟಿಕೊಂಡು ಸಾಲುಗಟ್ಟಿ ನಿಂತಿರುತ್ತವೆ. ಫೋಕಸ್ ಒಂದು ಕೂದಲಷ್ಟು ಕೆಳಗಿಳಿಸಿದ ಮೇಲೆ, ಅವುಗಳ ಹಿಂದೆ ಬಣ್ಣವಿಲ್ಲದ ಕಾಳುಗಳು ರಭಸವಾಗಿ ಹೋಗುವುದು ಕಂಡಿತು. ನಡುವೆ ಹಸಿರೇ ಇಲ್ಲದ ಒಂದು ಪಟ್ಟಿ. ಅದರ ಈ ಕಡೆ ಮೇಲಕ್ಕೆ, ಆ ಕಡೆ ಕೆಳಕ್ಕೆ. ಪಿ.ಬಿ. ರೋಡಿನ ಡಿವೈಡರ್ ಥರ. ಯಾರೂ ರಾಂಗ್ ಸೈಡ್ ಬರುವುದಿಲ್ಲ ಅನ್ನೋದೊಂದೇ ವ್ಯತ್ಯಾಸ.

450 ದಾಟಲು ಏಳೂವರೆ ಸೆಕೆಂಡ್. ಹತ್ತು ಸಲ ಎಣಿಸಿದೆ, ಹೆಚ್ಚುಕಮ್ಮಿ ಅಷ್ಟೇ. ಅದೇ 60.

ಎಳೆಯುವವರು ಯಾರು? ಹಸಿರು ಸಾಲುಗಳ ಒಳಮೈಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಹಗ್ಗದ ಹಾಗೆ ಹಾದುಹೋಗಿವೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಎಟಿಪಿ (ಕೋಶದ ಇಂಧನ) ಖರ್ಚು ಮಾಡುತ್ತಾ ಆ ಹಗ್ಗದ ಮೇಲೆ ಹೆಜ್ಜೆ ಹಾಕುತ್ತದೆ, ಹೊರೆ ಎಳೆಯುತ್ತದೆ. ಸುತ್ತಲ ಕೋಶರಸವೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಕಾರಾದ ಮಯೋಸಿನ್ ಗೊತ್ತಿರುವ ಮಯೋಸಿನ್‌ಗಳಲ್ಲೆಲ್ಲಾ ವೇಗದ್ದು. ಇಷ್ಟು ಅವಸರ ಯಾಕೆ ಅಂತ ಲೆಕ್ಕ ಹಾಕಿದೆ. ಸಣ್ಣ ಅಣುವೊಂದು ಸುಮ್ನೆ ನೀರಿನಲ್ಲಿ ಹರಡಿಕೊಂಡೇ 2 ಸೆಂಟಿಮೀಟರ್ ಹೋಗಬೇಕಾದರೆ ಎರಡು ದಿನಕ್ಕೂ ಮೇಲೆ ಬೇಕು. ಈ ಹರಿವಿನಲ್ಲಿ ಐದೂವರೆ ನಿಮಿಷ.

ನಮ್ಮ ನರಗಳಲ್ಲಿ ಹಳಿಯೇ ಬೇರೆ. ಅಲ್ಲಿ 25 ನ್ಯಾನೋಮೀಟರ್ ದಪ್ಪದ ಸೂಕ್ಷ್ಮನಳಿಕೆಗಳು. ಅದರ ಮೇಲೆ ತುದಿಯ ಕಡೆಗೆ ಹೊರೆ ಒಯ್ಯುವುದು ಕೈನೆಸಿನ್ ಎಂಬ ಪ್ರೋಟೀನ್, ವಾಪಸ್ ತರುವುದು ಡೈನೀನ್ ಎಂಬುದು. ಕೈನೆಸಿನ್ ಪತ್ತೆಯಾದದ್ದು 1985ರಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ. ಒಂದು ಹೆಜ್ಜೆ 8 ನ್ಯಾನೋಮೀಟರ್. ಅದು ಎಳೆಯುವ ಮೈಟೋಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗ) ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಮ್ಮಲ್ಲಿ ಟಿವಿಎಸ್ ಮೇಲೆ ಸವಾರನೇ ಕಾಣದಷ್ಟು ಮಂಡಕ್ಕಿ ಚೀಲ ಹೇರಿಕೊಂಡು ಹೋಗುತ್ತಾರಲ್ಲ, ಹಾಗೆ. ವೇಗವಾಗಿ ಹೋಗುವ ಸಣ್ಣ ಹೊರೆಗಳೂ ದಿನಕ್ಕೆ ಹೆಚ್ಚೆಂದರೆ 400 ಮಿಲಿಮೀಟರ್ ಸಾಗುತ್ತವೆ. ಬೆನ್ನಿನಿಂದ ಕಾಲಿನ ಹೆಬ್ಬೆರಳಿಗೆ ಎರಡೂವರೆ ದಿನ. ನನ್ನ ಪಾಚಿಯ ವೇಗ ಹಾಗೇ ಇದ್ದರೆ ದಿನಕ್ಕೆ 5 ಮೀಟರ್ ಮೇಲಾಯಿತು!

ಈ ವಾರದ ಗಾಬರಿ ಇದು. ಸ್ಲೈಡಿನ ಮೇಲೆ ಕವರ್ ಗ್ಲಾಸ್ ಸರಿಮಾಡಲು ಹೋಗಿ ಚಿಮಟ ಪಾಚಿಗೆ ತಾಗಿತು. ಹರಿವು ಟಕ್ ಅಂತ ನಿಂತಿತು. ಕಾಳುಗಳು ಇದ್ದಲ್ಲೇ ಜುಮುಜುಮು ಅನ್ನುತ್ತಿದ್ದವು ಅಷ್ಟೇ. ಸತ್ತೇ ಹೋಯಿತು ಅಂತ ಸ್ಲೈಡ್ ಹಾಗೇ ಬಿಟ್ಟು ಟೀ ಕುಡಿಯಲು ಹೋದೆ. ಬಂದಾಗ ಮೊದಲಿನ ಹಾಗೇ ಓಡುತ್ತಿತ್ತು. ಆಮೇಲೆ ಓದಿ ತಿಳಿದುಕೊಂಡೆ. ತಾಗಿದ ಕೂಡಲೇ ಕೋಶದಲ್ಲಿ ನರದ ಹಾಗೆಯೇ ವಿದ್ಯುತ್ ಅಲೆ ಏಳುತ್ತದೆ, ಕೋಶರಸದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಮಯೋಸಿನ್ ನಿಲ್ಲುತ್ತದೆ. ಕ್ಯಾಲ್ಸಿಯಂ ಇಳಿದಂತೆ ಮತ್ತೆ ಹೊರಡುತ್ತದೆ.

ಗಿಡವೊಂದಕ್ಕೆ ಬ್ರೇಕ್ ಇದೆ ಅಂದರೆ ಸುಮ್ಮನಿರಲು ಆಗುತ್ತದಾ? ಬೇಕಂತಲೇ ಐದು ಸಲ ತಟ್ಟಿದೆ. ಪ್ರತಿ ಸಲವೂ ಒಂದೆರಡು ಸೆಕೆಂಡಿನಲ್ಲಿ ನಿಂತಿತು. ಮೊದಲು ಆಮೆ ನಡಿಗೆಯಲ್ಲಿ ಹೊರಟು, ಪೂರ್ತಿ ವೇಗಕ್ಕೆ ಬರಲು ಆರೇಳು ನಿಮಿಷ ತೆಗೆದುಕೊಂಡಿತು. ಐದನೇ ಸಲಕ್ಕೆ ವಿಡಿಯೋ ಹಾಕಿದ್ದೆ. ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಒಬ್ಬರು ಶಟರ್ ತಟ್ಟಿ "ಅಣ್ಣಾ, ಟೆಂಪರ್ಡ್ ಗ್ಲಾಸ್ ಐತಾ?" ಅಂದರು. ಟೇಬಲ್ ಅಲುಗಿ ಫೋಕಸ್ ಹೋಯಿತು. ನಾಳೆ ಮತ್ತೆ ಹಿಡಿಯಬೇಕು, ಈ ಸಲ ಟೇಬಲ್ ಕಾಲಿಗೆ ರಬ್ಬರ್ ಕೊಟ್ಟು.